ಒಂದೇ ಡಬ್ಬಿಯ ಎರಡು ಮಾತ್ರೆಗಳು: ಯಲ್ಲಾಪ್ರಗಡ ಸುಬ್ಬರಾವ್ ಮತ್ತು ಪ್ಯೂರಿನ್ ಕಟ್ಟುವ ಕಿಣ್ವ

ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿರುವ ನಮ್ಮ ಸೋದರತ್ತೆಗೆ ಕೆಲವು ವರ್ಷಗಳಿಂದ ರುಮಟಾಯ್ಡ್ ಸಂಧಿವಾತ. ಬೆಳಿಗ್ಗೆ ಎದ್ದ ಕೂಡಲೇ ಬೆರಳು ಮಡಚಲು ಬರುತ್ತಿರಲಿಲ್ಲ, ರೊಟ್ಟಿ ಬಡಿಯುವುದಂತೂ ದೂರದ ಮಾತಾಗಿತ್ತು. ವೈದ್ಯರು ಎರಡು ಮಾತ್ರೆ ಬರೆದುಕೊಟ್ಟರು. ಒಂದು ಮೆಥೋಟ್ರೆಕ್ಸೇಟ್, ವಾರಕ್ಕೆ ಒಂದೇ ದಿನ. ಇನ್ನೊಂದು ಫೋಲಿಕ್ ಆಮ್ಲ, ಬೇರೆ ದಿನ. ಕೆಲವು ತಿಂಗಳಲ್ಲಿ ಊತ ಇಳಿದು, ಅತ್ತೆ ಮತ್ತೆ ಕೊಣಮಿಗೆಯ ಮುಂದೆ ಕುಳಿತರು.

ಕಳೆದ ಬಾರಿ ನಾವು ಊರಿಗೆ ಹೋದಾಗ ಅವರು ಎರಡೂ ಮಾತ್ರೆಗಳನ್ನು ನಿಲ್ಲಿಸಿದ್ದರು. ಬೆರಳುಗಳು ಮತ್ತೆ ಊದಿದ್ದವು. ಏಕೆಂದು ಕೇಳಿದರೆ, ಪಕ್ಕದ ಮನೆಯ ಹುಡುಗ ಮೊಬೈಲಿನಲ್ಲಿ ಹುಡುಕಿ ಎರಡು ಸಂಗತಿ ಹೇಳಿದ್ದನಂತೆ. ಮೊದಲನೆಯದು, ವಾರಕ್ಕೊಮ್ಮೆ ನುಂಗುವ ಮಾತ್ರೆ ಕ್ಯಾನ್ಸರಿನದು. ಎರಡನೆಯದು, ಅದು ಫೋಲಿಕ್ ಆಮ್ಲದ ವಿರೋಧಿ, ಹಾಗಾಗಿ ಎರಡನ್ನೂ ಕೊಟ್ಟಿದ್ದು ತಪ್ಪು.

ಹುಡುಗ ಓದಿದ್ದು ಎರಡೂ ನಿಜ. ಆದರೆ ಅದರಿಂದ ತೆಗೆದ ತೀರ್ಮಾನ ಸರಿಯಲ್ಲ. ಏಕೆ ಎಂದು ತಿಳಿಯಲು ನಮ್ಮ ಜೀವಕೋಶದೊಳಗೆ ಪ್ಯೂರಿನ್ ಎಂಬ ವಸ್ತುವನ್ನು ಕಟ್ಟುವ ಒಂದು ಕಿಣ್ವದ ಬಗ್ಗೆ ತಿಳಿಯಬೇಕು. ಆ ಕಿಣ್ವದ ಕತೆ ಹೇಳಹೊರಟರೆ ಒಬ್ಬ ವ್ಯಕ್ತಿಯ ಜೀವನವನ್ನೂ ಹೇಳಬೇಕಾಗುತ್ತದೆ. ಅತ್ತೆಯ ಡಬ್ಬಿಯಲ್ಲಿದ್ದ ಎರಡೂ ಮಾತ್ರೆಗಳ ಮೂಲ ಅವರು ಮುನ್ನಡೆಸಿದ ಒಂದೇ ಪ್ರಯೋಗಾಲಯ. ಅವರು ಯಲ್ಲಾಪ್ರಗಡ ಸುಬ್ಬರಾವ್.

ಎರಡು ಬಾರಿ ಫೇಲಾದ ಹುಡುಗ

ಸುಬ್ಬರಾವ್ ಹುಟ್ಟಿದ್ದು 1895ರ ಜನವರಿ 12ರಂದು, ಆಗಿನ ಮದ್ರಾಸ್ ಪ್ರಾಂತ್ಯದ ಭೀಮಾವರಂನಲ್ಲಿ. ಇಂದು ಅದು ಆಂಧ್ರಪ್ರದೇಶದ ಪಶ್ಚಿಮ ಗೋದಾವರಿ ಜಿಲ್ಲೆಯಲ್ಲಿದೆ. ಕಂದಾಯ ಇಲಾಖೆಯಲ್ಲಿದ್ದ ತಂದೆಗೆ ಅನಾರೋಗ್ಯ, ಮನೆಯಲ್ಲಿ ಬಡತನ. ಹದಿಮೂರರ ವಯಸ್ಸಿನಲ್ಲಿ ಸುಬ್ಬರಾವ್ ಮನೆ ಬಿಟ್ಟು ಓಡಿದರು. ಕಾಶಿಗೆ ಹೋಗಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ಹಣ ಮಾಡುವ ಯೋಚನೆ ಇತ್ತು. ತಾಯಿ ವೆಂಕಮ್ಮ ಅವರನ್ನು ಹಿಡಿದು ತಂದು ಮತ್ತೆ ಶಾಲೆಗೆ ಕಳಿಸಿದರು. ಮೆಟ್ರಿಕ್ಯುಲೇಷನ್‌ನಲ್ಲಿ ಎರಡು ಬಾರಿ ಫೇಲಾಗಿ, ಮೂರನೇ ಪ್ರಯತ್ನದಲ್ಲಿ ಮದ್ರಾಸಿನ ಹಿಂದೂ ಹೈಸ್ಕೂಲಿನಿಂದ ಪಾಸಾದರು.

ಮುಂದೆ ಸನ್ಯಾಸಿಯಾಗಿ ರಾಮಕೃಷ್ಣ ಮಿಷನ್ ಸೇರುವ ಆಸೆ ಇತ್ತು. ಅದು ಕೈಗೂಡದೆ ಮದ್ರಾಸ್ ಮೆಡಿಕಲ್ ಕಾಲೇಜು ಸೇರಿದರು. ಗಾಂಧೀಜಿಯ ಕರೆಗೆ ಓಗೊಟ್ಟು ಖಾದಿ ತೊಟ್ಟಿದ್ದು ಶಸ್ತ್ರಚಿಕಿತ್ಸೆಯ ಬ್ರಿಟಿಷ್ ಪ್ರಾಧ್ಯಾಪಕರಿಗೆ ಹಿಡಿಸಲಿಲ್ಲ. ಕೊನೆಗೆ ಅವರಿಗೆ ಸಿಕ್ಕಿದ್ದು ಎಂಬಿಬಿಎಸ್ ಅಲ್ಲ, ಅದಕ್ಕಿಂತ ಕೆಳಗಿನ ಎಲ್‌ಎಂಎಸ್ ಪದವಿ. ಅದರೊಂದಿಗೆ ಸರ್ಕಾರಿ ವೈದ್ಯಕೀಯ ಸೇವೆಯ ಬಾಗಿಲೂ ಮುಚ್ಚಿತು. ಮದ್ರಾಸಿನ ಆಯುರ್ವೇದ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರ ಕಲಿಸುತ್ತ ಕೆಲಕಾಲ ಕಳೆದರು.

ಈ ನಡುವೆ ಮನೆಯಲ್ಲಿ ದೊಡ್ಡ ಆಘಾತವಾಯಿತು. ಕೆಲವೇ ದಿನಗಳ ಅಂತರದಲ್ಲಿ ಇಬ್ಬರು ಸಹೋದರರು ಟ್ರಾಪಿಕಲ್ ಸ್ಪ್ರೂ ಎಂಬ ಕಾಯಿಲೆಗೆ ಬಲಿಯಾದರು. ಇದರಲ್ಲಿ ಕರುಳು ಆಹಾರವನ್ನು ಹೀರಿಕೊಳ್ಳುವುದಿಲ್ಲ. ಭೇದಿ, ರಕ್ತಹೀನತೆಯಿಂದ ಮನುಷ್ಯ ಸವೆದು ಹೋಗುತ್ತಾನೆ. ಆಗ ಇದಕ್ಕೆ ಮದ್ದಿರಲಿಲ್ಲ. ಸುಬ್ಬರಾವ್‌ಗೂ ಈ ಕಾಯಿಲೆ ತಗುಲಿ, ಬದುಕುಳಿದರು. ಈ ಕಾಯಿಲೆಯ ಹೆಸರು ಮುಂದೆ ಮತ್ತೆ ಬರುತ್ತದೆ, ನೆನಪಿನಲ್ಲಿಡಿ.

ಬಾಸ್ಟನ್‌ನಲ್ಲಿ ಮಲದ ಪಾತ್ರೆ ತೊಳೆದ ವೈದ್ಯ

ಸಾಲೋಟಗಿಗೆ ವಿದ್ಯೆಯ ದೊಡ್ಡ ಇತಿಹಾಸವಿದೆ. ರಾಷ್ಟ್ರಕೂಟ ದೊರೆ ಮೂರನೇ ಕೃಷ್ಣನ ಕಾಲದ, 945ರ ಕಂಬ ಶಾಸನ ಈ ಊರಿನದು. ಬೇರೆ ಬೇರೆ ನಾಡುಗಳಿಂದ ಇಲ್ಲಿಗೆ ಓದಲು ಬರುತ್ತಿದ್ದವರಿಗೆ ಶಾಲೆ, ವಸತಿಗೆ 27 ಮನೆ, ಖರ್ಚಿಗೆ ಭೂಮಿ ಬಿಟ್ಟುಕೊಟ್ಟ ವಿವರ ಅದರಲ್ಲಿದೆ. ದೂರದಿಂದ ಕಲಿಯಲು ಬಂದವನಿಗೆ ಊಟ, ಸೂರು ಬೇಕು ಎಂಬುದು ಸಾವಿರ ವರ್ಷ ಹಿಂದಿನ ಈ ಊರಿಗೆ ಗೊತ್ತಿತ್ತು.

1922ರ ಅಕ್ಟೋಬರ್ 26ರಂದು ಬಾಸ್ಟನ್‌ನಲ್ಲಿ ಇಳಿದ ಸುಬ್ಬರಾವ್‌ಗೆ ಅಂಥ ವ್ಯವಸ್ಥೆ ಇರಲಿಲ್ಲ. ಮಾವ ಮತ್ತು ಕಾಕಿನಾಡದ ಒಂದು ಧರ್ಮಸಂಸ್ಥೆ ನೀಡಿದ ನೆರವು ಪ್ರಯಾಣಕ್ಕೇ ಹೆಚ್ಚುಕಡಿಮೆ ಮುಗಿದಿತ್ತು. ಹಾರ್ವರ್ಡ್‌ನ ಉಷ್ಣವಲಯ ವೈದ್ಯಶಾಲೆಯಲ್ಲಿ ಹಗಲು ಓದು, ರಾತ್ರಿ ಪೀಟರ್ ಬೆಂಟ್ ಬ್ರಿಗ್‌ಹ್ಯಾಮ್ ಆಸ್ಪತ್ರೆಯಲ್ಲಿ ರೋಗಿಗಳ ಮಲಮೂತ್ರದ ಪಾತ್ರೆ ತೊಳೆಯುವ ಕೆಲಸ. ವೈದ್ಯ ಪದವಿ ಇದ್ದರೂ ಅಲ್ಲಿ ವೈದ್ಯರಾಗಿ ಕೆಲಸ ಮಾಡುವ ಅನುಮತಿ ಇರಲಿಲ್ಲ.

ಊರಲ್ಲಿ ಪತ್ನಿ ಶೇಷಗಿರಿ ಗರ್ಭಿಣಿಯಾಗಿದ್ದರು. ಹುಟ್ಟಿದ ಗಂಡುಮಗು ತಂದೆಯ ಮುಖ ನೋಡದೆ ತೀರಿಕೊಂಡಿತು. ಕೆಲವು ವರ್ಷಗಳಲ್ಲಿ ಮರಳುವೆನೆಂದು ಹೋದ ಸುಬ್ಬರಾವ್ ಮತ್ತೆ ಭಾರತಕ್ಕೆ ಬರಲೇ ಇಲ್ಲ. ಪತ್ನಿಯನ್ನು ಇನ್ನೊಮ್ಮೆ ನೋಡಲೂ ಇಲ್ಲ. ಅವರ ಸಾಧನೆ ಹೇಳುವಾಗ ಈ ಭಾಗವನ್ನು ಬಿಟ್ಟುಬಿಡುವವರೇ ಹೆಚ್ಚು. ಆದರೆ ಅವರು ಮಾಡಿದ ಕೆಲಸದ ಬೆಲೆಯಲ್ಲಿ ಒಂದು ಪಾಲನ್ನು ಶೇಷಗಿರಿಯವರೂ ಕೊಟ್ಟಿದ್ದಾರೆ.

ಎಟಿಪಿ ಸಿಕ್ಕಿದ್ದು ಹೇಗೆ?

ಡಿಪ್ಲೊಮಾ ಮುಗಿಸಿದ ಸುಬ್ಬರಾವ್ ಹಾರ್ವರ್ಡ್ ಮೆಡಿಕಲ್ ಸ್ಕೂಲಿನಲ್ಲಿ ಸೈರಸ್ ಫಿಸ್ಕೆ ಎಂಬ ಜೀವರಸಾಯನಶಾಸ್ತ್ರಜ್ಞರ ಜೊತೆ ಸೇರಿದರು. ಮೊದಲ ಕೆಲಸ ರಕ್ತ, ಮೂತ್ರಗಳಲ್ಲಿ ರಂಜಕ ಎಷ್ಟಿದೆ ಎಂದು ಅಳೆಯುವ ವಿಧಾನ ಹುಡುಕುವುದು. 1925ರಲ್ಲಿ ಪ್ರಕಟವಾದ ಫಿಸ್ಕೆ–ಸುಬ್ಬರಾವ್ ವಿಧಾನದಲ್ಲಿ ರಂಜಕವಿದ್ದರೆ ದ್ರಾವಣ ನೀಲಿಯಾಗುತ್ತದೆ. ಹೆಚ್ಚು ರಂಜಕವಿದ್ದಷ್ಟೂ ನೀಲಿ ಗಾಢ. ಇಂದಿಗೂ ಬಯೋಕೆಮಿಸ್ಟ್ರಿ ವಿದ್ಯಾರ್ಥಿಗಳು ಪ್ರಾಯೋಗಿಕ ತರಗತಿಯಲ್ಲಿ ಇದನ್ನು ಮಾಡುತ್ತಾರೆ.

ಈ ಅಳತೆಗೋಲು ಹಿಡಿದು ಸ್ನಾಯುವನ್ನು ಪರೀಕ್ಷಿಸಿದಾಗ ಹೊಸ ವಸ್ತುಗಳು ಸಿಕ್ಕವು. 1927ರಲ್ಲಿ ಫಾಸ್ಫೋಕ್ರಿಯೇಟಿನ್, 1929ರಲ್ಲಿ ಎಟಿಪಿ, ಅಂದರೆ ಅಡೆನೊಸಿನ್ ಟ್ರೈಫಾಸ್ಫೇಟ್. ನಾವು ರೆಪ್ಪೆ ಬಡಿಯುವುದರಿಂದ ಹಿಡಿದು ಹೊಲ ಅಗೆಯುವವರೆಗೆ ಎಲ್ಲ ಕೆಲಸಕ್ಕೂ ಜೀವಕೋಶ ಖರ್ಚು ಮಾಡುವ ಶಕ್ತಿಯ ಚಿಲ್ಲರೆ ನಾಣ್ಯ ಇದು.

ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಎಟಿಪಿ ಒಂದು ಪ್ಯೂರಿನ್ ನ್ಯೂಕ್ಲಿಯೊಟೈಡ್. ಪ್ಯೂರಿನ್ ಎಂಬ ಎರಡು ಉಂಗುರದ ಅಣು, ರೈಬೋಸ್ ಎಂಬ ಸಕ್ಕರೆ ಮತ್ತು ಫಾಸ್ಫೇಟ್ ಸೇರಿ ಇದು ಆಗಿದೆ. ಡಿಎನ್‌ಎಯ ನಾಲ್ಕು ಅಕ್ಷರಗಳಾದ ಎ, ಟಿ, ಜಿ, ಸಿಗಳಲ್ಲಿ ಎ ಮತ್ತು ಜಿ ಕೂಡ ಪ್ಯೂರಿನ್‌ಗಳೇ. ಅಂದರೆ ಸುಬ್ಬರಾವ್ ಕೈಯಲ್ಲಿ 1929ರಲ್ಲೇ ಪ್ಯೂರಿನ್ ದಾರಿಯ ಕೊನೆಯ ನಿಲ್ದಾಣವಿತ್ತು. ಆ ದಾರಿ ಎಲ್ಲಿಂದ ಶುರುವಾಗುತ್ತದೆ, ಮಧ್ಯೆ ಏನಿದೆ ಎಂಬುದು ಆಗ ಯಾರಿಗೂ ತಿಳಿದಿರಲಿಲ್ಲ.

1930ರಲ್ಲಿ ಅವರಿಗೆ ಪಿಎಚ್‌ಡಿ ಸಿಕ್ಕಿತು. ಆದರೆ ಹತ್ತು ವರ್ಷ ಕಾದರೂ ಹಾರ್ವರ್ಡ್ ಅವರಿಗೆ ಕಾಯಂ ಹುದ್ದೆ ನೀಡಲಿಲ್ಲ. 1940ರಲ್ಲಿ ಅವರು ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್‌ನಲ್ಲಿದ್ದ ಲೆಡರ್ಲೆ ಎಂಬ ಔಷಧ ಕಂಪನಿ ಸೇರಿ, ಮುಂದೆ ಅದರ ಸಂಶೋಧನಾ ನಿರ್ದೇಶಕರಾದರು.

ಫೋಲಿಕ್ ಆಮ್ಲದ ಬೆನ್ನು ಹತ್ತಿ

1930ರ ಆಸುಪಾಸಿನಲ್ಲಿ ಲೂಸಿ ವಿಲ್ಸ್ ಎಂಬ ಬ್ರಿಟಿಷ್ ವೈದ್ಯೆ ಮುಂಬೈನಲ್ಲಿ ಬಡ ಗರ್ಭಿಣಿಯರ ರಕ್ತಹೀನತೆಯನ್ನು ಅಧ್ಯಯನ ಮಾಡುತ್ತಿದ್ದರು. ಯೀಸ್ಟ್‌ನ ಸಾರ ಕೊಟ್ಟರೆ ಅವರು ಚೇತರಿಸಿಕೊಳ್ಳುವುದನ್ನು ಕಂಡರು. ಯೀಸ್ಟ್‌ನಲ್ಲಿ, ಪ್ರಾಣಿಗಳ ಯಕೃತ್ತಿನಲ್ಲಿ, ಸೊಪ್ಪಿನಲ್ಲಿ ರಕ್ತ ತುಂಬುವ ಏನೋ ಒಂದು ಅಂಶವಿತ್ತು. 1941ರಲ್ಲಿ ಪಾಲಕ್ ಸೊಪ್ಪಿನಿಂದ ಅದನ್ನು ಬೇರ್ಪಡಿಸಿದವರು, ಎಲೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಅದಕ್ಕೆ ಫೋಲಿಕ್ ಆಮ್ಲ ಎಂದು ಹೆಸರಿಟ್ಟರು. ಆದರೆ ರಾಶಿ ರಾಶಿ ಸೊಪ್ಪಿನಿಂದ ಸಿಗುವುದು ಚಿಟಿಕೆಗಿಂತ ಕಡಿಮೆ. ಮದ್ದಾಗಬೇಕಾದರೆ ಅದನ್ನು ಕಾರ್ಖಾನೆಯಲ್ಲಿ ತಯಾರಿಸಬೇಕಿತ್ತು.

ಸುಬ್ಬರಾವ್ ಮುನ್ನಡೆಸಿದ ಲೆಡರ್ಲೆ ತಂಡ 1945ರಲ್ಲಿ ಇದನ್ನು ಸಾಧಿಸಿತು. ಅಣುವಿನ ರಚನೆ ಗೊತ್ತಾಯಿತು, ಕೃತಕವಾಗಿ ತಯಾರಿಸುವ ದಾರಿಯೂ ಸಿಕ್ಕಿತು. ಸ್ವಲ್ಪ ಸಮಯದಲ್ಲೇ ಅಮೆರಿಕದ ವೈದ್ಯ ಟಾಮ್ ಸ್ಪೀಸ್ ಟ್ರಾಪಿಕಲ್ ಸ್ಪ್ರೂ ರೋಗಿಗಳಿಗೆ ಇದನ್ನು ಕೊಟ್ಟು ನೋಡಿದರು. ರೋಗಿಗಳು ಚೇತರಿಸಿಕೊಂಡರು. ಸುಬ್ಬರಾವ್‌ರ ಇಬ್ಬರು ಸಹೋದರರನ್ನು ಕೊಂದ ಕಾಯಿಲೆಗೆ ಅವರದೇ ತಂಡದ ವಸ್ತು ಮದ್ದಾಗಿತ್ತು.

ಇಂದು ಸಾಲೋಟಗಿಯಂಥ ಊರಿನ ಸರ್ಕಾರಿ ಶಾಲೆಗಳಲ್ಲಿ ಹದಿಹರೆಯದ ಮಕ್ಕಳಿಗೆ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯಲ್ಲಿ, ಆಶಾ ಕಾರ್ಯಕರ್ತೆಯರು ಗರ್ಭಿಣಿಯರಿಗೆ ಮುಟ್ಟಿಸುವ ಕೆಂಪು ಮಾತ್ರೆಯಲ್ಲಿ ಕಬ್ಬಿಣಾಂಶದ ಜೊತೆ ಇರುವುದು ಇದೇ ಫೋಲಿಕ್ ಆಮ್ಲ. ಒಂದು ಎಚ್ಚರಿಕೆ ಮಾತ್ರ ಇರಲಿ. ಎಲ್ಲ ರಕ್ತಹೀನತೆಗೂ ಇದು ಮದ್ದಲ್ಲ. ವಿಟಮಿನ್ ಬಿ12 ಕೊರತೆ ಇದ್ದವರಿಗೆ ಫೋಲಿಕ್ ಆಮ್ಲ ಮಾತ್ರ ಕೊಟ್ಟರೆ ರಕ್ತ ಸುಧಾರಿಸಿದಂತೆ ಕಂಡರೂ ನರಗಳ ಹಾನಿ ಒಳಗೇ ಮುಂದುವರಿಯಬಹುದು. ಮಾಂಸ, ಮೊಟ್ಟೆ ತಿನ್ನದವರು ಇದನ್ನು ತಿಳಿದಿರಬೇಕು.

ಕಿಣ್ವ ಮಾಡುವ ಕೆಲಸವೇನು?

ಹಾಗಾದರೆ ಫೋಲಿಕ್ ಆಮ್ಲ ದೇಹದಲ್ಲಿ ಮಾಡುವುದೇನು? ಉತ್ತರ ಪಾರಿವಾಳಗಳಿಂದ ಬಂತು.

ಗೋಳಗುಮ್ಮಟ ನೋಡಲು ಹೋದವರೆಲ್ಲ ಪಾರಿವಾಳದ ಹಿಕ್ಕೆಯನ್ನೂ ನೋಡಿರುತ್ತೀರಿ. ಅದರ ಬಿಳಿ ಭಾಗ ಯೂರಿಕ್ ಆಮ್ಲ, ಅದೂ ಪ್ಯೂರಿನ್ ಉಂಗುರವೇ. ಪಕ್ಷಿಗಳು ದೇಹದ ಹೆಚ್ಚುವರಿ ಸಾರಜನಕವನ್ನು ಪ್ಯೂರಿನ್ ರೂಪಕ್ಕೆ ತಂದು ಹೊರಹಾಕುತ್ತವೆ. ಹಾಗಾಗಿ ಪ್ಯೂರಿನ್ ಹೇಗೆ ತಯಾರಾಗುತ್ತದೆ ಎಂದು ನೋಡಲು ಪಾರಿವಾಳ ಒಳ್ಳೆಯ ಪ್ರಾಣಿ. ಅಮೆರಿಕದ ಜಾನ್ ಬ್ಯೂಕನನ್ ಗುರುತು ಹಚ್ಚಿದ ಪರಮಾಣುಗಳನ್ನು ಪಾರಿವಾಳಗಳಿಗೆ ತಿನ್ನಿಸಿ, ಅವು ಯೂರಿಕ್ ಆಮ್ಲದ ಯಾವ ಮೂಲೆಯಲ್ಲಿ ಬಂದು ಕೂರುತ್ತವೆ ಎಂದು ಪತ್ತೆ ಮಾಡಿದರು. 1940 ಮತ್ತು 50ರ ದಶಕಗಳಲ್ಲಿ ಅವರೂ ಇತರರೂ ಸೇರಿ ಪೂರ್ತಿ ದಾರಿಯ ನಕ್ಷೆ ಬಿಡಿಸಿದರು.

ಇದನ್ನು ಮನೆ ಕಟ್ಟುವುದಕ್ಕೆ ಹೋಲಿಸಬಹುದು. ರೈಬೋಸ್ ಸಕ್ಕರೆಯೇ ನಿವೇಶನ. ಅದರ ಮೇಲೆ ಹತ್ತು ಹಂತಗಳಲ್ಲಿ, ಒಂದೊಂದು ಹಂತಕ್ಕೂ ಒಂದು ಕಿಣ್ವ ಮೇಸ್ತ್ರಿಯಾಗಿ ನಿಂತು, ಪ್ಯೂರಿನ್ ಉಂಗುರ ಎದ್ದು ನಿಲ್ಲುತ್ತದೆ. ಇಟ್ಟಿಗೆಗಳು ಗ್ಲೈಸಿನ್, ಗ್ಲುಟಮಿನ್, ಆಸ್ಪಾರ್ಟೇಟ್ ಎಂಬ ಅಮೈನೊ ಆಮ್ಲಗಳಿಂದ, ಇಂಗಾಲದ ಡೈಆಕ್ಸೈಡ್‌ನಿಂದ ಬರುತ್ತವೆ. ಎರಡು ಇಂಗಾಲದ ಇಟ್ಟಿಗೆಗಳನ್ನು ಮಾತ್ರ ಒಂದು ವಿಶೇಷ ಬಂಡಿ ಹೊತ್ತು ತರಬೇಕು. ಆ ಬಂಡಿಯೇ ಫೋಲಿಕ್ ಆಮ್ಲದಿಂದಾದ ಫೋಲೇಟ್. ಮೂರನೇ ಹಂತದಲ್ಲಿ ಒಂದು, ಒಂಬತ್ತನೇ ಹಂತದಲ್ಲಿ ಇನ್ನೊಂದು.

ಒಂಬತ್ತನೇ ಹಂತದ ಮೇಸ್ತ್ರಿಯ ಹೆಸರು ಐಕಾರ್ ಟ್ರಾನ್ಸ್‌ಫಾರ್ಮೈಲೇಸ್. ಐಕಾರ್ ಎಂಬ ಅರ್ಧ ಕಟ್ಟಿದ ಅಣುವಿಗೆ ಇದು ಕೊನೆಯ ಇಂಗಾಲವನ್ನು ಕೂರಿಸುತ್ತದೆ. ಮುಂದಿನ ಹಂತದಲ್ಲಿ ಉಂಗುರ ಮುಚ್ಚಿಕೊಂಡು ಐಎಂಪಿ ಎಂಬ ಮೊದಲ ಪೂರ್ಣ ಪ್ಯೂರಿನ್ ನ್ಯೂಕ್ಲಿಯೊಟೈಡ್ ಆಗುತ್ತದೆ. ಮನುಷ್ಯರಲ್ಲಿ ಈ ಕೊನೆಯ ಎರಡು ಹಂತಗಳನ್ನೂ ಒಂದೇ ಪ್ರೋಟೀನ್ ಮಾಡುತ್ತದೆ. ಐಎಂಪಿಯಿಂದಲೇ ಡಿಎನ್‌ಎಗೆ ಬೇಕಾದ ಎ ಮತ್ತು ಜಿ, ಜೊತೆಗೆ ಎಟಿಪಿ ಕೂಡ ಆಗುತ್ತವೆ.

ಈಗ ಸುಬ್ಬರಾವ್ ಜೀವನವನ್ನು ಮತ್ತೊಮ್ಮೆ ನೋಡಿ. 1929ರ ಎಟಿಪಿ ಈ ದಾರಿಯ ಕೊನೆ. 1945ರ ಫೋಲಿಕ್ ಆಮ್ಲ ಅದೇ ದಾರಿಗೆ ಇಟ್ಟಿಗೆ ಹೊರುವ ಬಂಡಿ. ಎರಡನ್ನೂ ಕೈಯಲ್ಲಿ ಹಿಡಿದಿದ್ದ ಅವರು, ಎರಡನ್ನೂ ಜೋಡಿಸುವ ಕಿಣ್ವಗಳ ನಕ್ಷೆ ಪೂರ್ತಿಯಾಗುವ ಮೊದಲೇ ತೀರಿಕೊಂಡರು.

ಸುಳ್ಳು ಬಂಡಿ ಮದ್ದಾದದ್ದು

ಬಾಸ್ಟನ್‌ನ ಮಕ್ಕಳ ಆಸ್ಪತ್ರೆಯಲ್ಲಿ ಸಿಡ್ನಿ ಫಾರ್ಬರ್ ಎಂಬ ವೈದ್ಯರು ರಕ್ತದ ಕ್ಯಾನ್ಸರಿನಿಂದ ಸಾಯುತ್ತಿದ್ದ ಮಕ್ಕಳನ್ನು ನೋಡುತ್ತಿದ್ದರು. ತೀವ್ರ ಲ್ಯುಕೇಮಿಯ ಬಂದ ಮಗು ಆ ಕಾಲದಲ್ಲಿ ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳು ಬದುಕುತ್ತಿತ್ತು. ಫೋಲಿಕ್ ಆಮ್ಲದ ಸಂಬಂಧಿ ವಸ್ತುಗಳನ್ನು ಕೊಟ್ಟಾಗ ಕಾಯಿಲೆ ಇನ್ನೂ ಜೋರಾದಂತೆ ಫಾರ್ಬರ್‌ಗೆ ಕಂಡಿತು. ಹಾಗಾದರೆ ಅದಕ್ಕೆ ಅಡ್ಡಿಪಡಿಸುವ ವಸ್ತು ಕೊಟ್ಟರೆ?

ಅಂಥ ವಸ್ತುಗಳು ಸುಬ್ಬರಾವ್ ತಂಡದ ಬಳಿ ಇದ್ದವು. ಫೋಲಿಕ್ ಆಮ್ಲದ ಅಣುವಿನಲ್ಲಿ ಒಂದು ಸಣ್ಣ ಗುಂಪನ್ನು ಬದಲಿಸಿ ಅವರು ಅಮಿನಾಪ್ಟೆರಿನ್ ತಯಾರಿಸಿದ್ದರು. ನೋಡಲು ಥೇಟ್ ಬಂಡಿಯಂತೆಯೇ. ಆದರೆ ಇಟ್ಟಿಗೆ ಹೊರುವುದಿಲ್ಲ. ಬಂಡಿಗಳನ್ನು ರಿಪೇರಿ ಮಾಡುವ ಕಿಣ್ವಕ್ಕೆ ಅಂಟಿಕೊಂಡು ದಾರಿ ಕಟ್ಟಿಬಿಡುತ್ತದೆ. ಡಿಎನ್‌ಎಗೆ ಬೇಕಾದ ಸಾಮಗ್ರಿ ಸಿಗದೆ, ಬೇಗ ಬೇಗ ಹುಟ್ಟುವ ಕ್ಯಾನ್ಸರ್ ಕೋಶಗಳು ನಿಲ್ಲುತ್ತವೆ.

1947ರ ಕೊನೆಯಲ್ಲಿ ಫಾರ್ಬರ್ ಇದನ್ನು ಮಕ್ಕಳಿಗೆ ಕೊಡತೊಡಗಿದರು. 1948ರ ಜೂನ್‌ನಲ್ಲಿ ಪ್ರಕಟವಾದ ವರದಿಯ ಪ್ರಕಾರ ತೀವ್ರವಾಗಿ ಕಾಯಿಲೆ ಬಿದ್ದ 16 ಮಕ್ಕಳಲ್ಲಿ 10 ಮಕ್ಕಳು ಚೇತರಿಸಿಕೊಂಡಿದ್ದರು. ಆ ಚೇತರಿಕೆ ತಾತ್ಕಾಲಿಕವಾಗಿತ್ತು, ಕಾಯಿಲೆ ಮರಳಿ ಬಂತು. ಆದರೂ ಔಷಧದಿಂದ ಲ್ಯುಕೇಮಿಯವನ್ನು ಹಿಮ್ಮೆಟ್ಟಿಸಬಹುದು ಎಂದು ತೋರಿಸಿದ್ದು ಈ ಪ್ರಯೋಗ. ಅಮಿನಾಪ್ಟೆರಿನ್‌ನ ತಮ್ಮನಂತಿರುವ, ಸ್ವಲ್ಪ ಸುರಕ್ಷಿತವಾದ ಔಷಧವೇ ಮೆಥೋಟ್ರೆಕ್ಸೇಟ್. ಮಕ್ಕಳ ರಕ್ತ ಕ್ಯಾನ್ಸರಿಗೆ ಇತರ ಔಷಧಗಳ ಜೊತೆ ಅದನ್ನು ಇಂದಿಗೂ ಬಳಸುತ್ತಾರೆ.

ಆ ವರದಿ ಬಂದು ಎರಡು ತಿಂಗಳಾಗಿತ್ತು. 1948ರ ಆಗಸ್ಟ್‌ನಲ್ಲಿ ಸುಬ್ಬರಾವ್ ಒಂದು ರಾತ್ರಿ ನಿದ್ದೆಯಲ್ಲೇ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 53. ಅಮೆರಿಕದಲ್ಲಿ 26 ವರ್ಷ ಇದ್ದರೂ ಅವರು ಅಲ್ಲಿಯ ಪೌರತ್ವ ಪಡೆದಿರಲಿಲ್ಲ.

ಹರಿದಾಡುವ ಮಾತುಗಳಲ್ಲಿ ನಿಜವೆಷ್ಟು?

ಸುಬ್ಬರಾವ್ ಕುರಿತು ವಾಟ್ಸಾಪ್‌ನಲ್ಲಿ ಆಗಾಗ ಸಂದೇಶಗಳು ಬರುತ್ತವೆ. ಕೆಲವನ್ನು ನಾವು ಪರಿಶೀಲಿಸಿದೆವು.

ಎಟಿಪಿಯನ್ನು ಅವರೊಬ್ಬರೇ ಕಂಡುಹಿಡಿದರು ಎಂಬುದು ಪೂರ್ತಿ ಸರಿಯಲ್ಲ. ಅವರು ಮತ್ತು ಫಿಸ್ಕೆ ಕಂಡುಹಿಡಿದ ಅದೇ 1929ರಲ್ಲಿ ಜರ್ಮನಿಯ ಕಾರ್ಲ್ ಲೋಮನ್ ಕೂಡ ಸ್ವತಂತ್ರವಾಗಿ ಅದನ್ನು ಕಂಡುಹಿಡಿದಿದ್ದರು.

ಎಟಿಪಿಗಾಗಿ ಅವರಿಗೆ ಬರಬೇಕಿದ್ದ ನೊಬೆಲ್ ಕದಿಯಲಾಯಿತು ಎಂಬುದೂ ಸರಿಯಲ್ಲ. ಎಟಿಪಿ ಕಂಡುಹಿಡಿದದ್ದಕ್ಕಾಗಿ ಫಿಸ್ಕೆಗಾಗಲಿ ಲೋಮನ್‌ಗಾಗಲಿ ನೊಬೆಲ್ ಸಿಗಲಿಲ್ಲ. ಆದರೆ ಅನ್ಯಾಯವೇ ಆಗಲಿಲ್ಲ ಎಂದೂ ಅಲ್ಲ. ಸುಬ್ಬರಾವ್ ಬೇರ್ಪಡಿಸಿದ್ದ ಕೆಲವು ನ್ಯೂಕ್ಲಿಯೊಟೈಡ್‌ಗಳ ಕೆಲಸವನ್ನು ಫಿಸ್ಕೆ ಹೊರಬರಲು ಬಿಡಲಿಲ್ಲ, ಮುಂದೆ ಬೇರೆಯವರು ಅವನ್ನು ಹೊಸದಾಗಿ ಕಂಡುಹಿಡಿಯಬೇಕಾಯಿತು ಎಂದು ಅದೇ ಪ್ರಯೋಗಾಲಯದಲ್ಲಿದ್ದ ಜಾರ್ಜ್ ಹಿಚಿಂಗ್ಸ್ ಹೇಳಿದ್ದಾರೆ. ಪ್ಯೂರಿನ್‌ಗೆ ಅಡ್ಡಿಪಡಿಸುವ ಔಷಧಗಳನ್ನು ಗರ್ಟ್ರೂಡ್ ಎಲಿಯನ್ ಜೊತೆ ರೂಪಿಸಿ 1988ರಲ್ಲಿ ನೊಬೆಲ್ ಪಡೆದವರು ಈ ಹಿಚಿಂಗ್ಸ್.

ಆರಿಯೊಮೈಸಿನ್ ಎಂಬ ಆ್ಯಂಟಿಬಯಾಟಿಕ್, ಆನೆಕಾಲು ರೋಗದ ಡಿಇಸಿ ಮಾತ್ರೆ ಅವರದೇ ಎನ್ನುತ್ತಾರೆ. ಆರಿಯೊಮೈಸಿನ್ ಕಂಡುಹಿಡಿದವರು ಸಸ್ಯವಿಜ್ಞಾನಿ ಬೆಂಜಮಿನ್ ಡಗ್ಗರ್. ಡಿಇಸಿ ಒಂದು ದೊಡ್ಡ ತಂಡದ ಕೆಲಸ. ಫೋಲಿಕ್ ಆಮ್ಲವೂ ಅಷ್ಟೇ. ಇವೆಲ್ಲವೂ ನಡೆದದ್ದು ಸುಬ್ಬರಾವ್ ನಿರ್ದೇಶನದಲ್ಲಿ ಎಂದರೆ ಸರಿಯಾಗುತ್ತದೆ. ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಆರೋಗ್ಯ ಕಾರ್ಯಕರ್ತರು ಮನೆ ಬಾಗಿಲಿಗೆ ಬಂದು ನುಂಗಿಸುವ ಡಿಇಸಿ ಮಾತ್ರೆಯ ಹಿಂದೆ ಅವರ ತಂಡವಿದೆ ಎಂಬುದು ಸಣ್ಣ ಮಾತಲ್ಲ. ಅದನ್ನು ಉಬ್ಬಿಸಿ ಹೇಳುವ ಅಗತ್ಯವಿಲ್ಲ.

1953ರಲ್ಲಿ ಒಂದು ಶಿಲೀಂಧ್ರಕ್ಕೆ ಸುಬ್ಬರೋಮೈಸಿಸ್ ಎಂದು ಹೆಸರಿಟ್ಟರು. 1995ರಲ್ಲಿ ಭಾರತ ಸರ್ಕಾರ ಅವರ ಅಂಚೆಚೀಟಿ ತಂದಿತು.

ಅತ್ತೆಯ ಡಬ್ಬಿಗೆ ಮರಳಿ

ಕ್ಯಾನ್ಸರ್ ಮಾತ್ರೆ ಕೀಲುನೋವಿಗೆ ಏಕೆ? 1951ರಲ್ಲೇ ಕೆಲವು ವೈದ್ಯರು ಅಮಿನಾಪ್ಟೆರಿನ್ ಕೊಟ್ಟಾಗ ಸಂಧಿವಾತ ತಗ್ಗುವುದನ್ನು ಗಮನಿಸಿದ್ದರು. 1988ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಮೆಥೋಟ್ರೆಕ್ಸೇಟನ್ನು ರುಮಟಾಯ್ಡ್ ಸಂಧಿವಾತಕ್ಕೆ ಒಪ್ಪಿತು. ಕ್ಯಾನ್ಸರಿಗೆ ಕೊಡುವ ಪ್ರಮಾಣಕ್ಕೆ ಹೋಲಿಸಿದರೆ ಇಲ್ಲಿ ಕೊಡುವುದು ಬಹಳ ಕಡಿಮೆ. ಇಷ್ಟು ಕಡಿಮೆ ಪ್ರಮಾಣದಲ್ಲಿ ಅದು ಒಂಬತ್ತನೇ ಹಂತದ ನಮ್ಮ ಮೇಸ್ತ್ರಿಯನ್ನು, ಅಂದರೆ ಐಕಾರ್ ಟ್ರಾನ್ಸ್‌ಫಾರ್ಮೈಲೇಸನ್ನು ತಡೆಯುತ್ತದೆ. ಆಗ ಅರ್ಧ ಕಟ್ಟಿದ ಐಕಾರ್ ಕೋಶದಲ್ಲಿ ಗುಡ್ಡೆಯಾಗುತ್ತದೆ. ಅದರಿಂದ ಕೋಶದ ಹೊರಗೆ ಅಡೆನೊಸಿನ್ ಹೆಚ್ಚಾಗಿ ಉರಿಯೂತ ಇಳಿಯುತ್ತದೆ. ಊತ ಇಳಿಯಲು ಇದು ಮುಖ್ಯ ಕಾರಣಗಳಲ್ಲಿ ಒಂದು ಎಂದು ಸಂಶೋಧಕರು ಭಾವಿಸುತ್ತಾರೆ.

ವಿರೋಧಿಯಾದ ಫೋಲಿಕ್ ಆಮ್ಲವನ್ನೂ ಕೊಡುವುದು ಏಕೆ? ನಮ್ಮ ಬಾಯಿಯ ಒಳಪದರ, ಕರುಳು, ರಕ್ತದ ಕೋಶಗಳಿಗೂ ಬಂಡಿ ಬೇಕು. ಫೋಲಿಕ್ ಆಮ್ಲ ಕೊಟ್ಟರೆ ಬಾಯಿಹುಣ್ಣು, ವಾಕರಿಕೆ, ಯಕೃತ್ತಿನ ತೊಂದರೆ ಕಡಿಮೆಯಾಗುತ್ತವೆ. ಕೀಲುಗಳಿಗೆ ಆಗುವ ಲಾಭ ಹೆಚ್ಚೇನೂ ತಗ್ಗುವುದಿಲ್ಲ. ಇದು ತಪ್ಪಿ ಬರೆದ ಚೀಟಿಯಲ್ಲ, ಯೋಚಿಸಿ ಬರೆದದ್ದು.

ನೆನಪಿಡಬೇಕಾದದ್ದು ಇಷ್ಟು. ಸಂಧಿವಾತಕ್ಕೆ ಮೆಥೋಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ತಪ್ಪಿ ದಿನವೂ ನುಂಗಿದರೆ ಜೀವಕ್ಕೇ ಅಪಾಯ. ಗರ್ಭಿಣಿಯರು, ಗರ್ಭ ಧರಿಸಲು ಬಯಸುವವರು ಇದನ್ನು ತೆಗೆದುಕೊಳ್ಳಬಾರದು. ವೈದ್ಯರು ಹೇಳಿದಂತೆ ಆಗಾಗ ರಕ್ತಪರೀಕ್ಷೆ ಮಾಡಿಸಬೇಕು. ನಿಲ್ಲಿಸುವ, ಹೆಚ್ಚು ಕಡಿಮೆ ಮಾಡುವ ತೀರ್ಮಾನ ವೈದ್ಯರದೇ.

ನಾವು ಅತ್ತೆಯನ್ನು ಮತ್ತೆ ಅವರ ವೈದ್ಯರ ಬಳಿಗೆ ಕರೆದೊಯ್ದೆವು. ರಕ್ತಪರೀಕ್ಷೆ ಆಯಿತು, ಮಾತ್ರೆಗಳು ಮತ್ತೆ ಶುರುವಾದವು. ಪಕ್ಕದ ಮನೆಯ ಹುಡುಗನಿಗೂ ಸುಬ್ಬರಾವ್ ಕತೆ ಹೇಳಿದೆವು. ಈಗ ಪ್ರತಿ ಭಾನುವಾರ ಅತ್ತೆಗೆ ಮಾತ್ರೆ ನೆನಪಿಸುವ ಕೆಲಸ ಅವನದೇ.